ಮಗಳ ಫೈಲು ಹಿಡಿದು, ಸಿರ್ಸಿಯಿಂದ ಡಬ್ಲಿನ್‌ಗೆ

ಮಗಳು ಹುಟ್ಟಿದ್ದು 2024ರ ಅಕ್ಟೋಬರ್‌ನಲ್ಲಿ, ಸಿರ್ಸಿಯಲ್ಲಿ. ಅದಕ್ಕೆ ಐದು ತಿಂಗಳು ಮುಂಚೆ, ಮೇ ತಿಂಗಳಲ್ಲಿ, ಬೆಂಗಳೂರಿನ ಮನೆಯಿಂದ ಎರಡು ಸೂಟ್‌ಕೇಸ್ ತೆಗೆದುಕೊಂಡು ರಾತ್ರಿ ಬಸ್ಸು ಹತ್ತಿ ತವರಿಗೆ ಬಂದುಬಿಟ್ಟಿದ್ದೆ. ಮದುವೆ ಯಾಕೆ ಮುರಿಯಿತು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಮಗಳು ದೊಡ್ಡವಳಾದ ಮೇಲೆ ಇದನ್ನು ಓದಬಹುದು. ಅವಳ ಅಪ್ಪನ ಬಗ್ಗೆ ಅವಳಿಗೆ ಅವಳದೇ ಅಭಿಪ್ರಾಯ ಇರಲಿ. ನಾನು ಬರೆಯಲು ಹೊರಟಿದ್ದು ಆಮೇಲಿನ ಕಥೆ. ಒಂಬತ್ತು ತಿಂಗಳ ಮಗುವನ್ನು ಎತ್ತಿಕೊಂಡು, ಗಂಡ ಜೊತೆಗಿಲ್ಲದೆ, ಬೇರೆ ದೇಶಕ್ಕೆ ಹೋಗಿ ನೆಲೆಸುವುದಕ್ಕೆ ಏನೆಲ್ಲ ಮಾಡಬೇಕಾಯಿತು ಅಂತ. ನನಗೆ ಬೇಕಾದಾಗ ಇದನ್ನು ಕನ್ನಡದಲ್ಲಿ ಹೇಳುವವರು ಯಾರೂ ಸಿಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಪೇಟೆಯಿಂದ ಇಪ್ಪತ್ತು ಕಿಲೋಮೀಟರ್ ಒಳಗಿರುವ ತೋಟದ ಮನೆ. ಅಪ್ಪಯ್ಯ, ಆಯಿ (ನನ್ನ ಅಮ್ಮ), ಅಣ್ಣ, ಅತ್ತಿಗೆ. ನಾನು ಬಂದ ದಿನ ಯಾರೂ ಏನೂ ಕೇಳಲಿಲ್ಲ. ಆಯಿ ಬಿಸಿನೀರು ಕಾಸಿದಳು, ಅಪ್ಪಯ್ಯ ನನ್ನ ಸೂಟ್‌ಕೇಸ್ ಒಳಕೋಣೆಯಲ್ಲಿಟ್ಟು ತೋಟಕ್ಕೆ ಹೋದ. ಆ ಸುಮ್ಮನಿದ್ದ ಉಪಕಾರವನ್ನು ನಾನು ಯಾವತ್ತೂ ಮರೆಯುವುದಿಲ್ಲ. ಕೇಳುವ ಕೆಲಸವನ್ನು ಊರಿನವರು ಮಾಡಿದರು ಬಿಡಿ. ಸೂತಕ ಕಳೆದು ಹನ್ನೆರಡನೇ ದಿನ ಮಗುವನ್ನು ತೊಟ್ಟಿಲಿಗೆ ಹಾಕುವಾಗ, ಕಿವಿಯಲ್ಲಿ ಹೆಸರು ಹೇಳಬೇಕಾದ ಅಪ್ಪನ ಜಾಗದಲ್ಲಿ ಅಣ್ಣ ಕೂತ. ಬಂದ ನೆಂಟರೆಲ್ಲ ಅದನ್ನೇ ನೋಡುತ್ತಿದ್ದರು. ಅಣ್ಣ ಮಾತ್ರ ಅಕ್ಕಿಯ ಮೇಲೆ ಹೆಸರು ಬರೆದು, ಬಗ್ಗಿ, ಮೂರು ಸಲ ನಿಧಾನವಾಗಿ ಹೇಳಿದ.

ಬಾಣಂತನ ಮುಗಿಯುವ ಮುಂಚೆಯೇ, ಡಿಸೆಂಬರ್‌ನಲ್ಲಿ, ಆಫೀಸಿನಿಂದ ಫೋನ್ ಬಂತು. ನಾನು ಸಾಫ್ಟ್‌ವೇರ್ ಕೆಲಸದವಳು, ಹೆರಿಗೆ ರಜೆ 26 ವಾರ, ಏಪ್ರಿಲ್‌ವರೆಗೆ ಇತ್ತು. ಹಿಂದೆ ಒಮ್ಮೆ ಕೇಳಿಟ್ಟಿದ್ದ, ಐರ್ಲೆಂಡಿನ ಡಬ್ಲಿನ್ ಕಚೇರಿಯ ಕೆಲಸ ಈಗ ಖಾಲಿ ಇದೆ, ಬರುತ್ತೀಯಾ ಅಂತ ಕೇಳಿದರು. ಫೋನ್ ಬಂದಾಗ ಮನೆ ಹಿಂದಿನ ಸೊಪ್ಪಿನ ಬೆಟ್ಟದ ಮೇಲಿದ್ದೆ, ಯಾಕೆಂದರೆ ನಮ್ಮ ಮನೆಯಲ್ಲಿ ಸಿಗ್ನಲ್ ಇಲ್ಲ. ಕೆಳಗೆ ಅಂಗಳದಲ್ಲಿ ಅಡಿಕೆ ಹರಡಿತ್ತು, ಮಗು ಅಳುವುದು ಅಷ್ಟು ದೂರಕ್ಕೂ ಕೇಳುತ್ತಿತ್ತು. ಒಂದು ವಾರ ಟೈಮು ಕೇಳಿದೆ.

ಬೆಂಗಳೂರಿಗೆ ವಾಪಸ್ ಹೋದರೆ ಅದೇ ರಸ್ತೆ, ಅದೇ ಸ್ನೇಹಿತರು, ಅದೇ ಪ್ರಶ್ನೆ. ಊರಲ್ಲೇ ಉಳಿದರೆ ನಾನು ಜೀವನವಿಡೀ ‘ವಾಪಸ್ ಬಂದ ಮಗಳು’. ಅಣ್ಣನ ಸಂಸಾರದ ಮೇಲೆ ಭಾರ. ಅಲ್ಲಿ ಹೋದರೆ ನಾನೊಬ್ಬಳೇ, ನಿಜ, ಆದರೆ ನನ್ನ ಸಂಬಳ, ನನ್ನ ಮನೆ, ನನ್ನ ಮಗಳು. ಆಯಿಗೆ ಹೇಳಿದಾಗ ಅವಳು ತೊಟ್ಟಿಲು ತೂಗುವುದನ್ನು ನಿಲ್ಲಿಸದೆ, ‘ಕೂಸೇ, ನೀ ಹೆದರಡ, ಆನು ಇದ್ದಿ’ ಅಂದಳು, ಹೆದರಬೇಡ, ನಾನಿದ್ದೇನೆ ಅಂತ. ಅಷ್ಟೇ. ನಾನು ಹ್ಞೂಂ ಅಂದೆ.

ನನ್ನ ಪರ್ಮಿಟ್ ಸುಲಭವಾಗಿತ್ತು. ಕ್ರಿಟಿಕಲ್ ಸ್ಕಿಲ್ಸ್ ಅಂತ ಐರ್ಲೆಂಡಿನವರು ಕೊಡುವ ಕೆಲಸದ ಪರವಾನಗಿ ಅದು, ಕಂಪನಿಯವರೇ ಅರ್ಜಿ ಹಾಕಿದರು. ಅದರಲ್ಲಿ ಕುಟುಂಬದವರು ವರ್ಷಗಟ್ಟಲೆ ಕಾಯಬೇಕಾಗಿಲ್ಲ, ಜೊತೆಗೇ ವೀಸಾ ಕೇಳಬಹುದು. ಇಷ್ಟು ಓದಿ, ಎಲ್ಲ ಆಯಿತು ಅಂತ ಅಂದುಕೊಂಡಿದ್ದೆ. ನಿಜವಾದ ಕೆಲಸ ಶುರುವಾಗಿದ್ದು ಮಗುವಿನ ಕಾಗದದಲ್ಲಿ.

ಅಪ್ಪಯ್ಯ ಒಂದು ನೀಲಿ ಫೈಲು ತಂದುಕೊಟ್ಟ. ಅದರಲ್ಲಿ ಮುಂಚೆ ಅಡಿಕೆ ಮಾರಿದ ಚೀಟಿಗಳಿದ್ದವು. ಎಲ್ಲ ತೆಗೆದು, ಒರೆಸಿ, ಮೇಲೆ ಮಗಳ ಹೆಸರು ಬರೆದ. ಮುಂದಿನ ಏಳು ತಿಂಗಳು ನಾನು ಎಲ್ಲಿಗೆ ಹೋದರೂ ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಈ ಫೈಲು.

ಮೊದಲನೆಯದು ಜನನ ಪ್ರಮಾಣಪತ್ರ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಹುಟ್ಟಿದ ದಿನಕ್ಕೆ ಪುರಾವೆ ಅಂದರೆ ಜನನ ಪ್ರಮಾಣಪತ್ರವೇ, ಬೇರೆ ಏನೂ ನಡೆಯುವುದಿಲ್ಲ. ಹಾಗಾಗಿ ಅದರಲ್ಲಿ ತಪ್ಪಿದ್ದರೆ ಮುಂದೆಲ್ಲ ತಪ್ಪೇ. ನಮ್ಮದರಲ್ಲಿ ತಪ್ಪಿತ್ತು. ಹೆಗಡೆ ಅನ್ನುವುದನ್ನು ಇಂಗ್ಲಿಷಿನಲ್ಲಿ ಬರೆಯುವಾಗ ‘ಜಿ’ ಆದಮೇಲೆ ‘ಎ’ ಹಾಕುವುದೋ ಬಿಡುವುದೋ ಅನ್ನುವುದು ನಮ್ಮ ಕಡೆ ಮನೆಮನೆಯ ಕಥೆ. ನನ್ನ ಪಾಸ್‌ಪೋರ್ಟಿನಲ್ಲಿ ‘ಎ’ ಇಲ್ಲ. ಆಸ್ಪತ್ರೆಯಲ್ಲಿ ನಮ್ಮವರೇ ಗಡಿಬಿಡಿಯಲ್ಲಿ ಬರೆದುಕೊಟ್ಟ ಚೀಟಿಯಲ್ಲಿ ‘ಎ’ ಇತ್ತು. ಒಂದೇ ಒಂದು ಅಕ್ಷರ. ಅದನ್ನು ತೆಗೆಸಲು ಅಫಿಡವಿಟ್ಟು, ಆಧಾರ್ ಪ್ರತಿ, ಅರ್ಜಿ, ಪೇಟೆಗೆ ನಾಲ್ಕು ಸಲ ಓಡಾಟ, ಒಟ್ಟು ಮೂರು ವಾರ. ಹೆರಿಗೆಗೆ ಹೋಗುವ ಮುಂಚೆಯೇ ನಿಮ್ಮ ಪಾಸ್‌ಪೋರ್ಟಿನಲ್ಲಿ ಹೆಸರು ಹೇಗಿದೆಯೋ ಹಾಗೇ ಒಂದು ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಬ್ಯಾಗಿನಲ್ಲಿಟ್ಟುಕೊಳ್ಳಿ. ನೋವು ತಿನ್ನುವಾಗ ಯಾರಿಗೂ ಕಾಗುಣಿತ ನೆನಪಿರುವುದಿಲ್ಲ.

ಆಮೇಲೆ ಪಾಸ್‌ಪೋರ್ಟ್. ಚಿಕ್ಕ ಮಕ್ಕಳ ಅರ್ಜಿಗೆ ಅಪ್ಪ ಅಮ್ಮ ಇಬ್ಬರೂ ಸಹಿ ಹಾಕುವ ಘೋಷಣೆಗೆ ಅನೆಕ್ಷರ್ ಡಿ ಅನ್ನುತ್ತಾರೆ. ಗಂಡನಿಗೆ ಎರಡು ಸಲ ಮೆಸೇಜು, ಒಂದು ಸಲ ರಿಜಿಸ್ಟರ್ಡ್ ಪೋಸ್ಟು ಕಳಿಸಿದೆ. ಉತ್ತರ ಬರಲಿಲ್ಲ. ಬೇಡ ಅಂತಲೂ ಹೇಳಲಿಲ್ಲ, ಆಗಲಿ ಅಂತಲೂ ಹೇಳಲಿಲ್ಲ. ಆ ಮೌನ ಇದೆಯಲ್ಲ, ಅದು ಜಗಳಕ್ಕಿಂತ ಜಾಸ್ತಿ ಸುಸ್ತು ಮಾಡುತ್ತದೆ.

ಪೇಟೆಯಲ್ಲಿ ಫಾರಂ ತುಂಬಿಕೊಡುವ ಒಬ್ಬರ ಹತ್ತಿರ ಹೋದೆ. ಅವರು ಸಲೀಸಾಗಿ ಹೇಳಿದರು, ಅಪ್ಪನ ಹೆಸರೇ ಹಾಕಬೇಡಿ, ಒಂಟಿ ತಾಯಿ ಅಂತ ತೋರಿಸಿಬಿಡಿ, ಯಾರು ನೋಡುತ್ತಾರೆ ಅಂತ. 2016ರ ಡಿಸೆಂಬರ್‌ನಲ್ಲಿ ನಿಯಮ ಸಡಿಲ ಮಾಡಿದಾಗಿನಿಂದ ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರ ಹೆಸರಿದ್ದರೂ ಪಾಸ್‌ಪೋರ್ಟ್ ಸಿಗುತ್ತದೆ ಅನ್ನುವುದು ನಿಜ. ಆದರೆ ನನ್ನ ಮಗಳ ಜನನ ಪ್ರಮಾಣಪತ್ರದಲ್ಲಿ ಅಪ್ಪನ ಹೆಸರಿದೆ, ಅವಳಿಗೆ ಅಪ್ಪ ಇದ್ದಾನೆ, ಬದುಕಿದ್ದಾನೆ. ಅವಳ ಮೊದಲ ಕಾಗದವೇ ಸುಳ್ಳಿನಿಂದ ಶುರುವಾಗುವುದು ನನಗೆ ಬೇಡವಾಗಿತ್ತು. ಎದ್ದು ಬಂದೆ.

ಸರಿಯಾದ ದಾರಿ ಬೇರೆ ಇತ್ತು. ಅನೆಕ್ಷರ್ ಸಿ. ಒಬ್ಬರ ಒಪ್ಪಿಗೆ ಸಿಗದೇ ಇದ್ದಾಗ ಇನ್ನೊಬ್ಬರು, ಯಾಕೆ ಸಹಿ ಇಲ್ಲ ಅನ್ನುವುದನ್ನು ಇದ್ದಹಾಗೆ ಹೇಳಿ, ಜವಾಬ್ದಾರಿ ತಮ್ಮದೇ ಅಂತ ಕೊಡುವ ಘೋಷಣೆ. ಬಿಳಿ ಹಾಳೆಯಲ್ಲಿ ಬರೆದರೆ ಸಾಕು, ನೋಟರಿಯೂ ಬೇಡ. ಬೇರೆಯಾಗಿ ಬದುಕುತ್ತಿದ್ದೇವೆ, ಮಗು ಹುಟ್ಟಿದಾಗಿನಿಂದ ನನ್ನ ಹತ್ತಿರ ಇದೆ, ಒಪ್ಪಿಗೆ ಕೇಳಿದ್ದೆ, ಉತ್ತರ ಬಂದಿಲ್ಲ ಅಂತ ನಾಲ್ಕು ಸಾಲು. ಆ ನಾಲ್ಕು ಸಾಲನ್ನು ಬರೆದು, ಹರಿದು, ಮತ್ತೆ ಬರೆದು, ಒಂದು ಮಧ್ಯಾಹ್ನ ಕಳೆಯಿತು. ರಿಜಿಸ್ಟರ್ಡ್ ಪೋಸ್ಟಿನ ರಶೀದಿಯನ್ನೂ ಜೊತೆಗಿಟ್ಟೆ.

ಫೋಟೋ ತೆಗೆಸಿದ್ದು ಹೇಳಲೇಬೇಕು. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಪಾಸ್‌ಪೋರ್ಟ್ ಕೇಂದ್ರದಲ್ಲಿ ಫೋಟೋ ತೆಗೆಯುವುದಿಲ್ಲ, ನಾವೇ ಬಿಳಿ ಹಿನ್ನೆಲೆಯ ಫೋಟೋ ಒಯ್ಯಬೇಕು. ಮೂರು ತಿಂಗಳ ಕೂಸು, ಕುತ್ತಿಗೆ ಇನ್ನೂ ಗಟ್ಟಿಯಾಗಿಲ್ಲ. ಕಣ್ಣು ತೆರೆದಿರಬೇಕು, ಬಾಯಿ ಮುಚ್ಚಿರಬೇಕು, ಎತ್ತಿಕೊಂಡವರ ಕೈ ಕಾಣಬಾರದು. ಸ್ಟುಡಿಯೋದವರು ನೆಲದ ಮೇಲೆ ಅಪ್ಪಯ್ಯನ ಮಡಿ ಮಾಡಿದ ಬಿಳಿ ಪಂಚೆ ಹಾಸಿ, ಮಗುವನ್ನು ಮಲಗಿಸಿ, ತಾವು ಸ್ಟೂಲಿನ ಮೇಲೆ ನಿಂತು ಮೇಲಿನಿಂದ ತೆಗೆದರು. ಅತ್ತಿಗೆ ಅವರ ಭುಜದ ಪಕ್ಕದಲ್ಲಿ ಬೀಗದ ಕೈ ಗೊಂಚಲು ಅಲ್ಲಾಡಿಸುತ್ತಿದ್ದಳು. ಮೂವತ್ತು ನಲವತ್ತು ಸಲ ಕ್ಲಿಕ್ ಮಾಡಿದ ಮೇಲೆ ಒಂದು ಸರಿ ಬಂತು. ಪಂಚೆಯ ಅಂಚು ಕಾಣುತ್ತದೆ ಅಂತ ಅದನ್ನೂ ಕತ್ತರಿಸಿದರು. ಆ ಫೋಟೋದಲ್ಲಿ ಅವಳು ನೇರ ನಮ್ಮನ್ನೇ ನೋಡುತ್ತಾಳೆ, ತುಂಬ ಗಂಭೀರವಾಗಿ.

ಅರ್ಜಿ ತುಂಬುವುದು ಮನೆಯ ಇಂಟರ್ನೆಟ್ಟಿನಲ್ಲಿ, ಒಟಿಪಿ ಬರುವುದು ಬೆಟ್ಟದ ಮೇಲೆ. ಅಣ್ಣ ಫೋನ್ ಹಿಡಿದು ಮೇಲೆ ನಿಂತು ಆರು ಅಂಕಿ ಕೂಗಿ ಹೇಳುತ್ತಿದ್ದ, ನಾನು ಕೆಳಗೆ ಜಗಲಿಯಲ್ಲಿ ಟೈಪ್ ಮಾಡುತ್ತಿದ್ದೆ. ಶುಲ್ಕ 900 ರೂಪಾಯಿ. ಚಿಕ್ಕವರಿಗೆ ಸಾವಿರ, ಅದರಲ್ಲೂ ಎಂಟು ವರ್ಷದ ಒಳಗಿದ್ದರೆ ನೂರಕ್ಕೆ ಹತ್ತು ಕಡಿಮೆ. ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಫೆಬ್ರವರಿಯ ಒಂದು ಬೆಳಿಗ್ಗೆಗೆ ಸಮಯ ಸಿಕ್ಕಿತು. ನಸುಕಿನ ಐದು ಗಂಟೆಗೆ ಕಾರಿನಲ್ಲಿ ಹೊರಟು, ಮುಂಡಗೋಡ ದಾಟುವಾಗ ಒಮ್ಮೆ ನಿಲ್ಲಿಸಿ ಹಾಲು ಕುಡಿಸಿ, ಒಂಬತ್ತಕ್ಕೆ ಅಲ್ಲಿದ್ದೆವು. ಟೋಕನ್, ಎ ಕೌಂಟರ್, ಬಿ ಕೌಂಟರ್, ಕೊನೆಗೆ ಸಿ. ಸಿ ಕೌಂಟರಿನ ಅಧಿಕಾರಿ ಅನೆಕ್ಷರ್ ಸಿ ಓದಿದರು. ನಾನು ಒಳಗೊಳಗೇ ಉತ್ತರಗಳನ್ನು ತಯಾರು ಮಾಡಿಕೊಳ್ಳುತ್ತಿದ್ದೆ. ಅವರು ಕೇಳಿದ್ದು ಎರಡೇ ಪ್ರಶ್ನೆ. ಕೋರ್ಟಿನಲ್ಲಿ ಕೇಸ್ ಏನಾದರೂ ಇದೆಯಾ? ಇಲ್ಲ. ಮಗು ಯಾರ ಹತ್ತಿರ ಇದೆ? ನನ್ನ ಹತ್ತಿರ. ಮಗು ಆಗ ನನ್ನ ಹೆಗಲ ಮೇಲೆ ನಿದ್ದೆ ಮಾಡುತ್ತಿತ್ತು.

ಠಾಣೆಯಿಂದ ಒಬ್ಬರು ಮನೆಗೂ ಬಂದು ಹೋದರು. ಕಷಾಯ ಕುಡಿದರು, ಇಬ್ಬರು ನೆರೆಯವರ ಸಹಿ ತೆಗೆದುಕೊಂಡರು. ಮಾರ್ಚ್ ಮೊದಲ ವಾರ ಪೋಸ್ಟ್‌ಮನ್ ಪಾಸ್‌ಪೋರ್ಟ್ ತಂದರು, ಐದು ವರ್ಷದ್ದು.

ಪಾಸ್‌ಪೋರ್ಟ್ ಸಿಕ್ಕಿತಲ್ಲ, ಇನ್ನೇನು ಅಂತ ನನಗೆ. ಇಲ್ಲಿ ನಾನು ತಪ್ಪು ತಿಳಿದಿದ್ದೆ, ನನ್ನ ಹಾಗೆ ಬೇರೆಯವರೂ ತಿಳಿಯಬಹುದು, ಅದಕ್ಕೇ ಬಿಡಿಸಿ ಹೇಳುತ್ತೇನೆ. ನಮ್ಮ ಸರಕಾರ ಒಬ್ಬರ ಸಹಿಗೆ ಪಾಸ್‌ಪೋರ್ಟ್ ಕೊಟ್ಟಿತು ಅಂದರೆ ಇನ್ನೊಂದು ದೇಶ ಒಬ್ಬರ ಸಹಿಗೆ ವೀಸಾ ಕೊಡುತ್ತದೆ ಅಂತ ಅಲ್ಲ. ಐರ್ಲೆಂಡಿಗೆ ಒಬ್ಬರೇ ಮಗುವನ್ನು ಕರೆದುಕೊಂಡು ಬರುವುದಾದರೆ ಇನ್ನೊಬ್ಬರ ಬರಹದ ಒಪ್ಪಿಗೆ, ಅವರ ಸಹಿ ಇರುವ ಗುರುತಿನ ಪ್ರತಿ ಬೇಕು. ಇಲ್ಲವಾದರೆ ಮಗು ಪೂರ್ತಿ ನನ್ನ ಸುಪರ್ದಿಗೆ ಅಂತ ಕೋರ್ಟಿನ ಆದೇಶ ಬೇಕು. ಎರಡೂ ನನ್ನ ಹತ್ತಿರ ಇರಲಿಲ್ಲ. ಆ ರಾತ್ರಿ ನಾನು ಮಗುವಿಗಿಂತ ಜಾಸ್ತಿ ಅತ್ತೆ.

ಸಿರ್ಸಿಯ ಕೋರ್ಟಿನ ಆವರಣದಲ್ಲೇ ತಾಲೂಕು ಕಾನೂನು ಸೇವಾ ಸಮಿತಿ ಇದೆ. 1987ರ ಕಾಯ್ದೆ ಪ್ರಕಾರ ಹೆಂಗಸರಿಗೆ ಅಲ್ಲಿ ವಕೀಲರ ನೆರವು ಪುಕ್ಕಟೆ, ಸಂಬಳ ಎಷ್ಟೇ ಇರಲಿ. ಇದು ಎಷ್ಟು ಜನರಿಗೆ ಗೊತ್ತು ಹೇಳಿ? ನನಗಂತೂ ಗೊತ್ತಿರಲಿಲ್ಲ, ಆಶಾ ಕಾರ್ಯಕರ್ತೆ ಮಗುವಿಗೆ ಲಸಿಕೆ ಹಾಕಿಸಲು ಕರೆಯಲು ಬಂದಾಗ ಹೇಳಿದಳು. ಅಲ್ಲಿ ಸಿಕ್ಕ ವಕೀಲರನ್ನು ನಾನು ಅಕ್ಕ ಅಂತಲೇ ಕರೆಯುತ್ತೇನೆ.

ಅಕ್ಕನ ಹತ್ತಿರ ನಾನು ಮೊದಲು ಕೇಳಿದ್ದು ನಾಚಿಕೆ ಬಿಟ್ಟು ಹೇಳುತ್ತೇನೆ. ಅವನಿಗೆ ತಿಳಿಸದೆ ಹೇಗಾದರೂ ಹೋಗಿಬಿಡಬಹುದಾ? ಮೊದಲು ವೀಸಾ ಸುಲಭವಾಗಿ ಸಿಗುವ ಬೇರೆ ಯಾವುದೋ ದೇಶಕ್ಕೆ ಹೋಗಿ, ಆಮೇಲೆ ನೋಡಿಕೊಂಡರೆ? ಅಕ್ಕ ಪೆನ್ನು ಕೆಳಗಿಟ್ಟಳು. ‘ನೋಡು ತಂಗಿ, ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿ ಹತ್ತಿರವೇ ಇರಬೇಕು ಅಂತ 1956ರ ಪಾಲಕತ್ವ ಕಾಯ್ದೆಯಲ್ಲೇ ಇದೆ. ಕಾನೂನು ನಿನ್ನ ಕಡೆಗಿದೆ. ಕಾನೂನು ನಿನ್ನ ಕಡೆ ಇರುವಾಗ ಕಳ್ಳಳ ಹಾಗೆ ಯಾಕೆ ಹೋಗುತ್ತೀಯಾ?’ ಅಂದಳು. ಅದೇ ಸೆಕ್ಷನ್ನಿನಲ್ಲಿ ಸಹಜ ಪಾಲಕ ಅಪ್ಪ, ‘ನಂತರ’ ಅಮ್ಮ ಅಂತ ಇದೆಯಂತೆ. 1999ರಲ್ಲಿ ಗೀತಾ ಹರಿಹರನ್ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ‘ನಂತರ’ ಅಂದರೆ ಅಪ್ಪ ಸತ್ತ ಮೇಲೆ ಅಂತ ಅಲ್ಲ, ಅಪ್ಪ ಮಗುವಿನ ಜವಾಬ್ದಾರಿ ನೋಡಿಕೊಳ್ಳದೇ ಇರುವಾಗಲೂ ಅಮ್ಮನೇ ಪಾಲಕಿ ಅಂತ ಅರ್ಥ ಬಿಡಿಸಿತು. ಮಕ್ಕಳನ್ನು ಒಪ್ಪಿಗೆಯಿಲ್ಲದೆ ಒಂದು ದೇಶದಿಂದ ಇನ್ನೊಂದಕ್ಕೆ ಒಯ್ಯುವ ಬಗ್ಗೆ 1980ರಲ್ಲಿ ಆದ ಹೇಗ್ ಒಪ್ಪಂದ ಅಂತ ಒಂದಿದೆ, ಭಾರತ ಅದಕ್ಕೆ ಸೇರಿಲ್ಲ, ಐರ್ಲೆಂಡ್ ಸೇರಿದೆ. ಇದೆಲ್ಲ ಹೇಳಿ ಅಕ್ಕ ಕೊನೆಗೆ ಹೇಳಿದ್ದು ಇಷ್ಟು. ಓಡಿಹೋದರೆ ಪ್ರತಿ ಏರ್‌ಪೋರ್ಟಿನಲ್ಲೂ ನಿನ್ನ ಎದೆ ಹೊಡೆದುಕೊಳ್ಳುತ್ತದೆ. ಅಜ್ಜ ಅಜ್ಜಿಯನ್ನು ನೋಡಲು ಊರಿಗೆ ಬರುವಾಗಲೂ ಹೆದರಬೇಕಾಗುತ್ತದೆ. ಸಹಿ ತೆಗೆದುಕೊಂಡು ಹೋಗು, ಎಷ್ಟು ತಡವಾದರೂ ಸರಿ.

ನನಗೆ ಆವತ್ತು ಸಿಟ್ಟು ಬಂದಿತ್ತು. ಈಗ ಅನ್ನಿಸುತ್ತದೆ, ಆ ವರ್ಷ ಯಾರಾದರೂ ನನಗೆ ಕೊಟ್ಟ ಅತ್ಯಂತ ಒಳ್ಳೆಯ ಮಾತು ಅದು.

ಏಪ್ರಿಲ್‌ನಲ್ಲಿ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋದೆ, ಅತ್ತೆಯ ಮನೆಗೆ. ಅಣ್ಣ ಬೇಡ ಅಂದಿದ್ದ. ಆದರೆ ಅತ್ತೆ ಮೊಮ್ಮಗಳನ್ನು ಇನ್ನೂ ನೋಡಿರಲಿಲ್ಲ, ಮತ್ತು ಅವರ ಮೇಲೆ ನನಗೆ ಯಾವತ್ತೂ ಬೇಸರ ಇರಲಿಲ್ಲ. ಸೆಖೆ, ಮಗುವಿನ ಕುತ್ತಿಗೆಯೆಲ್ಲ ಬೆವರುಸಾಲೆ. ಅತ್ತೆ ಬಾಗಿಲಲ್ಲೇ ಮಗುವನ್ನು ತೆಗೆದುಕೊಂಡು ಒಳಗೆ ಹೋಗಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಫ್ಯಾನಿನ ಕೆಳಗೆ ಚಾಪೆಯ ಮೇಲೆ ಮಲಗಿಸಿದರು. ತುಂಬ ಹೊತ್ತು ಏನೂ ಮಾತಾಡಲಿಲ್ಲ. ನಾನು ಫೈಲು ತೆರೆದು ಒಪ್ಪಿಗೆ ಪತ್ರದ ಕರಡು ತೋರಿಸಿದೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಭಾನುವಾರ ವಿಡಿಯೋ ಕರೆ, ವರ್ಷಕ್ಕೊಮ್ಮೆ ಊರಿಗೆ ಬಂದಾಗ ಕುಮಟಾದಲ್ಲಿ ಹತ್ತು ದಿನ ಅನ್ನುವ ಸಾಲನ್ನು ಎರಡು ಸಲ ಓದಿದರು. ‘ಕೂಸಿನ ದಾರಿಗೆ ಅಡ್ಡ ನಿಲ್ಲಡ ಹೇಳಿ ಆನೇ ಅವಂಗೆ ಹೇಳ್ತಿ’ ಅಂದರು, ಅಡ್ಡ ನಿಲ್ಲಬೇಡ ಅಂತ ನಾನೇ ಅವನಿಗೆ ಹೇಳುತ್ತೇನೆ ಅಂತ. ಹೊರಡುವಾಗ ಮಗುವಿನ ಕೈಗೆ ಬೆಳ್ಳಿಯ ಕಡಗ ಹಾಕಿದರು.

ಹದಿನೈದು ದಿನದಲ್ಲಿ ಗಂಡ ಬಂದ. ಕಾನೂನು ಸೇವಾ ಸಮಿತಿಯವರು ಎರಡು ಸಲ ಕೂರಿಸಿ ಮಾತಾಡಿಸಿದರು. ಎರಡನೇ ದಿನ ಸ್ಟ್ಯಾಂಪ್ ಪೇಪರಿನ ಮೇಲೆ ಅಫಿಡವಿಟ್ಟು ಮಾಡಿ, ನೋಟರಿ ಮುಂದೆ ಸಹಿ ಹಾಕಿದ. ಮಗಳ ಹೆಸರು, ಪಾಸ್‌ಪೋರ್ಟ್ ನಂಬರು, ಯಾವ ದೇಶ, ಯಾರ ಜೊತೆ, ಹೋಗಲು ಮಾತ್ರ ಅಲ್ಲ, ಅಲ್ಲೇ ನೆಲೆಸಲೂ ಒಪ್ಪಿಗೆ ಇದೆ ಅಂತ ಸ್ಪಷ್ಟವಾಗಿ ಬರೆಸಿದಳು ಅಕ್ಕ. ಇದು ಮುಖ್ಯ. ‘ಪ್ರಯಾಣಕ್ಕೆ ಅಭ್ಯಂತರವಿಲ್ಲ’ ಅಂತ ಮಾತ್ರ ಇದ್ದರೆ ಅದು ರಜೆಗೆ ಹೋದಹಾಗೆ ಆಗುತ್ತದೆ. ಅವನ ಪಾಸ್‌ಪೋರ್ಟಿನ ಪ್ರತಿಗೂ ಸಹಿ ಹಾಕಿಸಿಕೊಂಡೆವು. ಮೂಲ ಪ್ರತಿ ಮೂರು ಮಾಡಿಸಿದ್ದು ಆಮೇಲೆ ಉಪಯೋಗಕ್ಕೆ ಬಂತು.

ಮೇ ತಿಂಗಳಲ್ಲಿ ಬೆಂಗಳೂರಿನ ವೀಸಾ ಕೇಂದ್ರದಲ್ಲಿ ಮೂವರ ಅರ್ಜಿ ಕೊಟ್ಟೆ. ಮೂವರು ಅಂದರೆ ನಾನು, ಮಗಳು, ಆಯಿ. ಹೌದು, ಅರವತ್ತೆರಡು ವರ್ಷದ ಆಯಿಯೂ ಪಾಸ್‌ಪೋರ್ಟ್ ಮಾಡಿಸಿದಳು, 90 ದಿನದ ಭೇಟಿ ವೀಸಾಕ್ಕೆ. ಅಲ್ಲಿ ಮಗುವನ್ನು ನೋಡಿಕೊಳ್ಳುವ ಕ್ರೆಷ್‌ನಲ್ಲಿ ಅಕ್ಟೋಬರ್‌ವರೆಗೆ ಜಾಗ ಇರಲಿಲ್ಲ. ಒಂದು ವರ್ಷದೊಳಗಿನ ಮೂರು ಮಕ್ಕಳಿಗೆ ಒಬ್ಬರು ಇರಲೇಬೇಕು ಅಂತ ಅಲ್ಲಿ ನಿಯಮ, ಹಾಗಾಗಿ ಹಸುಗೂಸುಗಳಿಗೆ ಜಾಗ ಸಿಗುವುದೇ ಕಷ್ಟ. ವಿಮಾನದ ಟಿಕೆಟ್‌ಗಿಂತ ಮುಂಚೆ ಕ್ರೆಷ್‌ಗೆ ಹೆಸರು ಹಚ್ಚಿ, ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ.

ಜೂನ್ ಹೊತ್ತಿಗೆ ನಾವು ಬೇರೆಯಾಗಿ ಒಂದು ವರ್ಷ ದಾಟಿತ್ತು. ಹಿಂದೂ ವಿವಾಹ ಕಾಯ್ದೆಯ 13ಬಿ ಪ್ರಕಾರ ಇಬ್ಬರೂ ಒಪ್ಪಿ ವಿಚ್ಛೇದನ ಕೇಳಲು ಆ ಒಂದು ವರ್ಷ ಬೇಕು. ಅರ್ಜಿ ಹಾಕಿದ ಮೇಲೆ ಮತ್ತೆ ಆರು ತಿಂಗಳು ಕಾಯಬೇಕು. ಈ ಆರು ತಿಂಗಳನ್ನು ಕೆಲವು ಸಂದರ್ಭದಲ್ಲಿ ಕೋರ್ಟು ಬಿಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಆದರೆ ಅದಕ್ಕೆ ಬೇರೆಯಾಗಿ ಒಂದೂವರೆ ವರ್ಷ ಆಗಿರಬೇಕಿತ್ತು, ನಮ್ಮದು ಆಗಿರಲಿಲ್ಲ. ಅದೇ ತೀರ್ಪಿನಲ್ಲಿ ವಿಡಿಯೋ ಮೂಲಕವೂ ಹಾಜರಾಗಬಹುದು ಅಂತ ಇದೆ. ಹಾಗಾಗಿ ಹೊರಡುವ ಮುಂಚೆ ಅರ್ಜಿ, ಡಿಸೆಂಬರ್‌ನಲ್ಲಿ ಅಲ್ಲಿಂದಲೇ ಎರಡನೇ ಹಾಜರಿ ಅಂತ ಅಕ್ಕ ಯೋಜನೆ ಹಾಕಿದಳು. ಮಗಳು ನನ್ನ ಸುಪರ್ದಿಗೆ, ಅಪ್ಪನಿಗೆ ನೋಡುವ ಹಕ್ಕು ಅನ್ನುವುದೆಲ್ಲ ಅರ್ಜಿಯಲ್ಲೇ ಬಂತು.

ಆವತ್ತು ಕೋರ್ಟಿನ ಜಗಲಿಯಲ್ಲಿ ಅವನು ಮಗಳನ್ನು ಎತ್ತಿಕೊಳ್ಳಲು ಕೈ ಚಾಚಿದ. ಎಂಟು ತಿಂಗಳ ಮಗು, ಹೊಸಬರನ್ನು ಕಂಡರೆ ಅಳುವ ಕಾಲ. ಜೋರಾಗಿ ಅತ್ತು ನನ್ನ ಕುತ್ತಿಗೆ ಗಟ್ಟಿ ಹಿಡಿದುಕೊಂಡಳು. ಅವನು ಏನು ಮಾಡುವುದು ಗೊತ್ತಾಗದೆ, ಕೆಳಗಿದ್ದ ನಮ್ಮ ಬಟ್ಟೆಚೀಲ ಎತ್ತಿ ಹೆಗಲಿಗೆ ಹಾಕಿಕೊಂಡು, ನಮ್ಮ ಹೆಸರು ಕರೆಯುವವರೆಗೂ ಹಾಗೇ ನಿಂತಿದ್ದ. ನನಗೆ ಅವನ ಮೇಲೆ ಏನೇ ಇರಲಿ, ಆವತ್ತು ಅವನನ್ನು ನೋಡಿ ಹೊಟ್ಟೆ ಚುರಕ್ ಅಂತು.

ಜೂನ್ ಕೊನೆಗೆ ಮೂರೂ ವೀಸಾ ಬಂತು. ಜುಲೈ ಮಧ್ಯದಲ್ಲಿ ಒಂಬತ್ತು ತಿಂಗಳ ದಡಾರ ರುಬೆಲ್ಲಾ ಲಸಿಕೆ ಹಾಕಿಸಿ, ತಾಯಿ ಕಾರ್ಡಿನಲ್ಲಿರುವ ಎಲ್ಲ ಲಸಿಕೆಗಳನ್ನು ಡಾಕ್ಟರ ಹತ್ತಿರ ಇಂಗ್ಲಿಷಿನಲ್ಲಿ ತಾರೀಖು ಸಮೇತ ಬರೆಸಿಕೊಂಡೆ. ಅಲ್ಲಿ ಲಸಿಕೆಯ ಪಟ್ಟಿ ಬೇರೆ, ಹೊಸ ಡಾಕ್ಟರು ಮೊದಲು ಕೇಳಿದ್ದೇ ಈ ಕಾಗದ. ಆಯಿ ಮಗುವಿನ ಮಣ್ಣಿಗೆ, ಅಂದರೆ ರಾಗಿ ಗಂಜಿಗೆ, ಅಂತ ರಾಗಿ ಮೊಳಕೆ ಬರಿಸಿ, ಮಳೆಯಲ್ಲಿ ಒಣಗದೆ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿ, ಬೀಸಿ, ತೆಳು ಪಂಚೆಯಲ್ಲಿ ಸೋಸಿ ಮೂರು ಕಿಲೋ ಹಿಟ್ಟು ಮಾಡಿದಳು. ತುಪ್ಪ ಮಾತ್ರ ಬಿಟ್ಟೆವು. ಹೊರಗಿನಿಂದ ಹಾಲಿನ ಪದಾರ್ಥ ತರುವಂತಿಲ್ಲ ಅಂತ ಯುರೋಪಿನ ನಿಯಮ.

ಬೆಂಗಳೂರಿನ ಏರ್‌ಪೋರ್ಟಿನಲ್ಲಿ ಇಮಿಗ್ರೇಶನ್ ಅಧಿಕಾರಿ ಕೇಳಿದರು, ಮಗುವಿನ ತಂದೆ? ನಾನು ಅಫಿಡವಿಟ್ಟಿನ ಮೂಲ ಪ್ರತಿ ಮುಂದಿಟ್ಟೆ. ಓದಿ, ಮೊಹರು ಹೊಡೆದು, ಹೋಗಿ ಬನ್ನಿ ಅಂದರು. ನನ್ನ ಎದೆ ಹೊಡೆದುಕೊಳ್ಳಲಿಲ್ಲ. ಅಕ್ಕನಿಗೆ ಅಲ್ಲಿಂದಲೇ ಮೆಸೇಜು ಹಾಕಿದೆ.

ಡಬ್ಲಿನ್‌ನಲ್ಲಿ ಮೊದಲ ತಿಂಗಳು ಮನೆ ಹುಡುಕಿದ್ದು ಬಿಟ್ಟರೆ ಬೇರೆ ಏನೂ ನೆನಪಿಲ್ಲ. ಬಾಡಿಗೆ ವಿಪರೀತ. ಕೊನೆಗೆ ಕೇರಳದ ಒಬ್ಬ ನರ್ಸ್ ತಮ್ಮ ಮನೆಯ ಎರಡು ಕೋಣೆ ಕೊಟ್ಟರು. ನನ್ನ ವಲಸೆ ನೋಂದಣಿಗೆ 300 ಯೂರೋ ಕಟ್ಟಿದೆ, ಹದಿನಾರು ವರ್ಷದೊಳಗಿನ ಮಕ್ಕಳಿಗೆ ಅದು ಬೇಕಾಗಿಲ್ಲ. ಮಗಳಿಗೆ ನಮ್ಮ ಆಧಾರ್ ನಂಬರಿನ ಹಾಗಿರುವ ಅಲ್ಲಿನ ಪಿಪಿಎಸ್ ನಂಬರು ಮಾಡಿಸಿದ ಮೇಲೆ ತಿಂಗಳಿಗೆ 140 ಯೂರೋ ಮಕ್ಕಳ ಭತ್ಯೆ ಶುರುವಾಯಿತು. ಎಂಟು ವರ್ಷದೊಳಗಿನ ಮಕ್ಕಳಿಗೆ ಡಾಕ್ಟರ ಹತ್ತಿರ ಹೋಗುವುದು ಪುಕ್ಕಟೆ. ಕ್ರೆಷ್‌ನ ಖರ್ಚಿಗೆ ಸರಕಾರ ಗಂಟೆಗೆ 2.14 ಯೂರೋ ಕೊಡುತ್ತದೆ, ವಾರಕ್ಕೆ ಹೆಚ್ಚೆಂದರೆ 45 ಗಂಟೆ. ಆದರೂ ಸಂಬಳದಲ್ಲಿ ದೊಡ್ಡ ಪಾಲು ಅಲ್ಲಿಗೇ ಹೋಗುತ್ತದೆ. ಲೆಕ್ಕ ಹಾಕದೆ ಬರಬೇಡಿ.

ಒಂದು ದಿನ ಪಬ್ಲಿಕ್ ಹೆಲ್ತ್ ನರ್ಸ್ ಮನೆಗೇ ತಕ್ಕಡಿ ತಂದು ಮಗುವನ್ನು ತೂಗಿದರು. ನಮ್ಮ ಆಶಾ ಕಾರ್ಯಕರ್ತೆಯ ನೆನಪಾಯಿತು. ದಿನಾ ವಿಟಮಿನ್ ಡಿ ಹನಿ ಹಾಕಿ, ಇಲ್ಲಿ ಬಿಸಿಲು ಸಾಲುವುದಿಲ್ಲ ಅಂದರು. ಆಯಿ ಮಣ್ಣಿ ಕಾಸಿ ಅವರಿಗೂ ಒಂದು ಚಮಚ ರುಚಿ ನೋಡಲು ಕೊಟ್ಟಳು. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬರದಿದ್ದರೂ ಮಗುವಿನ ಮಲ ಮೂತ್ರದ ಬಗ್ಗೆ ಹತ್ತು ನಿಮಿಷ ಮಾತಾಡಿದರು.

ಅಕ್ಟೋಬರ್ ಕೊನೆಗೆ ಆಯಿ ಹೊರಟಳು. ಮಗು ಕ್ರೆಷ್‌ಗೆ ಹೋಗಲು ಶುರು ಮಾಡಿ ಎರಡು ವಾರವಾಗಿತ್ತು. ಏರ್‌ಪೋರ್ಟಿನಿಂದ ವಾಪಸ್ ಬಂದು ನೋಡಿದರೆ, ಉಳಿದ ರಾಗಿ ಹಿಟ್ಟನ್ನು ವಾರಕ್ಕೊಂದರಂತೆ ಚಿಕ್ಕ ಚಿಕ್ಕ ಪೊಟ್ಟಣ ಕಟ್ಟಿ, ಡಬ್ಬದಲ್ಲಿ ಸಾಲಾಗಿ ಇಟ್ಟಿದ್ದಳು. ಹದಿನಾಲ್ಕು ಪೊಟ್ಟಣ. ಅದರ ಮುಂದೆ ಕೂತು ತುಂಬ ಹೊತ್ತು ಏಳಲಿಲ್ಲ. ಒಬ್ಬಳೇ ಇರುವುದು ಅಂದರೆ ಏನು ಅಂತ ನನಗೆ ಗೊತ್ತಾಗಿದ್ದು ಆ ರಾತ್ರಿ. ಮಗಳಿಗೆ ಜ್ವರ ಬಂದರೆ ಅವಳೂ ನಾನೂ ಇಬ್ಬರೇ, ನನಗೆ ಜ್ವರ ಬಂದರೂ ಇಬ್ಬರೇ. ನವೆಂಬರ್‌ನಲ್ಲಿ ಎರಡೂ ಆಯಿತು. ಮನೆಯ ನರ್ಸ್ ಚೇಚಿ ರಾತ್ರಿ ಪಾಳಿ ಮುಗಿಸಿ ಬಂದು ನಿದ್ದೆ ಮಾಡದೆ ಗಂಜಿ ಮಾಡಿಕೊಟ್ಟರು.

ಡಿಸೆಂಬರ್‌ನ ಎರಡನೇ ಹಾಜರಿ ಊರಿನ ಲೆಕ್ಕದಲ್ಲಿ ಹನ್ನೊಂದು ಗಂಟೆಗೆ, ಇಲ್ಲಿ ಬೆಳಗಿನ ಐದೂವರೆ. ಹೊರಗೆ ಕತ್ತಲೆ. ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್, ಪಕ್ಕದಲ್ಲಿ ನೀಲಿ ಫೈಲು. ಒಂದು ಚೌಕದಲ್ಲಿ ಅವನು, ಒಂದರಲ್ಲಿ ನ್ಯಾಯಾಧೀಶರು, ಅಕ್ಕ ಅವರ ಎದುರು ನಿಂತಿದ್ದು ಸ್ವಲ್ಪ ಕಾಣುತ್ತಿತ್ತು. ಯಾರ ಒತ್ತಾಯವೂ ಇಲ್ಲ ಅಲ್ವಾ ಅಂತ ಇಬ್ಬರನ್ನೂ ಕೇಳಿದರು. ಇಲ್ಲ ಅಂದೆ. ಅವನೂ ಇಲ್ಲ ಅಂದ. ಮಗು ಈಗ ಎಲ್ಲಿದೆ ಅಂತ ಕೇಳಿದರು. ಒಳಗೆ ಮಲಗಿದ್ದಾಳೆ ಅಂದೆ. ಹತ್ತು ನಿಮಿಷವೂ ಆಗಲಿಲ್ಲ.

ಪರದೆ ಆರಿದ ಮೇಲೆ ಮಗಳು ಎದ್ದಳು. ಆ ವಾರದ ಪೊಟ್ಟಣ ಬಿಚ್ಚಿ ಮಣ್ಣಿ ಕಾಸಿದೆ. ಏಳೂವರೆಗೆ ಕ್ರೆಷ್‌ಗೆ ಬಿಟ್ಟು ಆಫೀಸಿಗೆ ಹೋದೆ. ಭಾನುವಾರ ಅವನ ಕರೆ ಬಂತು, ಮಗಳು ಪರದೆಯ ಮೇಲೆ ಅವನ ಮೂಗು ಮುಟ್ಟಲು ನೋಡಿದಳು. ತೀರ್ಪಿನ ಪ್ರತಿಯನ್ನು ಅಕ್ಕ ಅಂಚೆಯಲ್ಲಿ ಕಳಿಸುತ್ತೇನೆ ಅಂದಿದ್ದಾಳೆ. ಫೈಲಿನಲ್ಲಿ, ಪಂಚೆಯ ಮೇಲೆ ಮಲಗಿದ ಆ ಫೋಟೋದ ಹಿಂದೆ, ಅದಕ್ಕೆ ಒಂದು ಖಾಲಿ ಕವರ್ ಹಾಕಿಟ್ಟಿದ್ದೇನೆ.